ಮೂಸಿಯ ಮಹಾಪೂರ ಮತ್ತು 788 ಕೆರೆಗಳು: 1908ರ ಹೈದರಾಬಾದ್ ದುರಂತದ ಮರುಓದು

ಕ್ರಿ.ಶ. 1908ರ ಸೆಪ್ಟೆಂಬರ್ 28, ಸೋಮವಾರ. ನಿಜಾಮ ಸಂಸ್ಥಾನದ ರಾಜಧಾನಿಯಾಗಿದ್ದ ಹೈದರಾಬಾದ್ ನಗರದ ನಡುವೆ ಹರಿಯುವ ಮೂಸಿ ನದಿ ಅಂದು ಉಕ್ಕಿ, ದಿನ ಕಳೆಯುವಷ್ಟರಲ್ಲಿ ತನ್ನ ಎರಡೂ ದಡಗಳ ವಸತಿಗಳನ್ನು ಕೊಚ್ಚಿಕೊಂಡು ಹೋಯಿತು. ಮಡಿದವರ ಸಂಖ್ಯೆ ಸುಮಾರು 15,000 ಎಂಬುದು ಸಾಮಾನ್ಯವಾಗಿ ಉಲ್ಲೇಖಗೊಳ್ಳುವ ಅಂದಾಜು. ಇದಕ್ಕಿಂತ ಬಹಳ ಹೆಚ್ಚಿನ ಸಂಖ್ಯೆಯನ್ನು ಹೇಳುವವರೂ ಇದ್ದಾರೆ. ಹತ್ತಾರು ಸಾವಿರ ಜನ ಮನೆಮಠ ಕಳೆದುಕೊಂಡರು. ಹೈದರಾಬಾದಿನ ದಖನಿ ಆಡುಮಾತಿನಲ್ಲಿ ಆ ಘಟನೆಗೆ ‘ತುಗ್ಯಾನಿ’ ಎಂದು ಹೆಸರು. ತುಗ್ಯಾನಿ ಎಂದರೆ ಮೇರೆ ಮೀರಿ ಉಕ್ಕಿದ ನೀರು. ಹಳೆಯ ತಲೆಮಾರಿನವರು ಹುಟ್ಟು, ಮದುವೆ, ಸಾವುಗಳ ಕಾಲವನ್ನು ತುಗ್ಯಾನಿಗೆ ಮುಂಚೆ, ತುಗ್ಯಾನಿಯ ನಂತರ ಎಂದು ಗುರುತಿಸುತ್ತಿದ್ದರು.

ಈ ದುರಂತಕ್ಕೆ ಕನ್ನಡ ಓದುಗರ ಸಂಬಂಧ ಎರಡು ಬಗೆಯದು. ಅಂದಿನ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ರಾಯಚೂರು, ಬೀದರ್ ಪ್ರದೇಶಗಳೂ ಸೇರಿದ್ದವು. ಆ ಭಾಗದ ಕನ್ನಡಿಗರಿಗೆ ಹೈದರಾಬಾದು ನ್ಯಾಯ, ವ್ಯಾಪಾರ, ವಿದ್ಯೆಗಳಿಗಾಗಿ ಹೋಗಿಬರುವ ರಾಜಧಾನಿಯಾಗಿತ್ತು. ಎರಡನೆಯದಾಗಿ, ದುರಂತದ ಕಾರಣಗಳನ್ನು ಶೋಧಿಸಿ ಪರಿಹಾರ ಸೂಚಿಸುವ ಹೊಣೆ ಬಿದ್ದದ್ದು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಮೇಲೆ. ಅವರು ಮೈಸೂರು ಸೇವೆಗೆ ಸೇರುವುದಕ್ಕೆ ಮುನ್ನ ಕೈಗೊಂಡ ಈ ಕಾರ್ಯವನ್ನು ನಮ್ಮಲ್ಲಿ ಅಭಿಮಾನದಿಂದ ಸ್ಮರಿಸುವುದುಂಟು. ಎರಡು ದೊಡ್ಡ ಜಲಾಶಯಗಳನ್ನು ಕಟ್ಟಿಸಿ ನಗರವನ್ನು ಉಳಿಸಿದರು ಎಂಬುದು ಆ ಸ್ಮರಣೆಯ ಸಾರ. ಅದು ನಿಜ. ಆದರೆ ಅವರ ಅಧ್ಯಯನದ ಪೂರ್ವಾರ್ಧವನ್ನು, ಅಂದರೆ ನಗರ ಮುಳುಗಿದ್ದೇಕೆ ಎಂಬುದಕ್ಕೆ ಅವರು ಕಂಡ ಉತ್ತರವನ್ನು, ನಾವು ಅಷ್ಟಾಗಿ ನೆನಪಿಟ್ಟುಕೊಂಡಿಲ್ಲ. ಆ ಪೂರ್ವಾರ್ಧದಲ್ಲಿರುವುದು ಕೆರೆಗಳ ಕಥೆ. ಅದನ್ನು ಮರೆತದ್ದರ ಫಲವೇನೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನದಿ ಮತ್ತು ನಗರ

ಮೂಸಿ ಹುಟ್ಟುವುದು ಹೈದರಾಬಾದಿನ ಪಶ್ಚಿಮಕ್ಕೆ, ವಿಕಾರಾಬಾದಿನ ಸಮೀಪದ ಅನಂತಗಿರಿ ಬೆಟ್ಟಗಳಲ್ಲಿ. ಮುಚುಕುಂದಾ ಎಂಬುದು ಅದರ ಪೌರಾಣಿಕ ಹೆಸರು. ಪೂರ್ವಾಭಿಮುಖವಾಗಿ ಹರಿದು ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಸೇರುತ್ತದೆ. ನಗರಕ್ಕೆ ಬರುವ ಮುನ್ನ ಈಸಿ ಎಂಬ ಉಪನದಿ ಅದನ್ನು ಕೂಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಇದು ನದಿಯೆನಿಸುವುದೇ ಕಷ್ಟ. ಬಂಡೆಗಳ ನಡುವೆ ಹರಿಯುವ ತೆಳ್ಳನೆಯ ನೀರಿನ ಎಳೆ ಅಷ್ಟೆ. ವರ್ಷದ ಬಹುಪಾಲು ಹೀಗೆ ಮಲಗಿರುವ ನದಿಯ ಪಾತ್ರವನ್ನು ಜನ ನೆಲವೆಂದೇ ಬಗೆಯುವುದು ಸಹಜ.

ಗೋಲ್ಕೊಂಡದ ಕುತುಬ್‌ಶಾಹಿ ಅರಸರು ಕೋಟೆಯ ಇಕ್ಕಟ್ಟಿನಿಂದ ಹೊರಬಂದು ಮೂಸಿಯ ದಕ್ಷಿಣ ದಡದಲ್ಲಿ ಹೊಸ ನಗರ ಕಟ್ಟಿದ್ದು 1591ರಲ್ಲಿ, ಮುಹಮ್ಮದ್ ಕುಲಿಯ ಕಾಲದಲ್ಲಿ. ಅದಕ್ಕೂ ಮುನ್ನ, 1578ರಲ್ಲಿ, ನದಿಗೆ ಅಡ್ಡಲಾಗಿ ಈಗ ‘ಪುರಾನಾ ಪುಲ್’ ಎನಿಸಿರುವ ಕಮಾನು ಸೇತುವೆ ನಿರ್ಮಾಣವಾಗಿತ್ತು. ಹುಸೇನ್ ಸಾಗರವೆಂಬ ದೊಡ್ಡ ಕೆರೆ ಅದಕ್ಕಿಂತಲೂ ಹಳೆಯದು. ಅಂದರೆ ಹೈದರಾಬಾದಿನಲ್ಲಿ ಕೆರೆ ಮೊದಲು, ಸೇತುವೆ ಆಮೇಲೆ, ನಗರ ಕೊನೆಗೆ. ಈ ಅನುಕ್ರಮ ಗಮನಾರ್ಹ. ದಖನ್ ಪ್ರಸ್ಥಭೂಮಿಯಲ್ಲಿ ಹಿಮದಿಂದ ತುಂಬುವ ನದಿಗಳಿಲ್ಲ. ನಾಲ್ಕು ತಿಂಗಳು ಸುರಿದ ಮಳೆಯನ್ನು ಹನ್ನೆರಡು ತಿಂಗಳಿಗೆ ಉಳಿಸಿಕೊಳ್ಳಬಲ್ಲವರಿಗೆ ಮಾತ್ರ ಇಲ್ಲಿ ಊರು ಕಟ್ಟಲು ಸಾಧ್ಯ.

ಮುಂದಿನ ಮೂರು ಶತಮಾನಗಳಲ್ಲಿ ನಗರ ನದಿಯ ಉತ್ತರ ದಡಕ್ಕೂ ಹಬ್ಬಿತು. ಅಫ್ಜಲ್‌ಗಂಜ್, ಚಾದರ್‌ಘಾಟ್‌ಗಳಲ್ಲಿ ಹೊಸ ಸೇತುವೆಗಳಾದವು. ನದಿಯಂಚಿನಲ್ಲೇ ಆಸ್ಪತ್ರೆ, ಮಾರುಕಟ್ಟೆ, ಬಡವರ ಮಣ್ಣಿನ ಮನೆಗಳ ಓಣಿಗಳು ಬೆಳೆದವು. ನದಿ ಆಗಾಗ ಎಚ್ಚರಿಸುತ್ತಲೇ ಇತ್ತು. 1831ರಲ್ಲಿ ಮಹಾಪೂರ ಬಂದಿತ್ತು. 1903ರಲ್ಲಿ, ಅಂದರೆ ದುರಂತಕ್ಕೆ ಐದೇ ವರ್ಷ ಮೊದಲು, ಮತ್ತೊಮ್ಮೆ ಬಂದಿತ್ತು. ನೀರಿಳಿದ ಮೇಲೆ ಜನ ಅದೇ ಜಾಗಕ್ಕೆ ಮರಳಿದರು. ಬಡವರಿಗೆ ಬೇರೆ ಜಾಗವಾದರೂ ಎಲ್ಲಿತ್ತು?

ಸೆಪ್ಟೆಂಬರಿನ ಮಳೆ

1908ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ಚಂಡಮಾರುತದ ಮೋಡಗಳು ಮೂಸಿಯ ಜಲಾನಯನ ಪ್ರದೇಶದ ಮೇಲೆ ನಿಂತವು. ನಗರದ ನೈರುತ್ಯಕ್ಕಿರುವ ಶಂಷಾಬಾದಿನಲ್ಲಿ 24 ಗಂಟೆಗಳಲ್ಲಿ 12.8 ಅಂಗುಲ, 48 ಗಂಟೆಗಳಲ್ಲಿ 18.9 ಅಂಗುಲ ಮಳೆ ದಾಖಲಾಯಿತು. ವರ್ಷಕ್ಕೆ ಸುಮಾರು ಮೂವತ್ತು ಅಂಗುಲ ಮಳೆ ಕಾಣುವ ಸೀಮೆಗೆ ಇದು ಎರಡೇ ದಿನಗಳಲ್ಲಿ ಅರ್ಧ ವರ್ಷಕ್ಕಿಂತ ಹೆಚ್ಚಿನ ಪಾಲು.

ಹಿಜರಿ 1326ರ ರಂಜಾನ್ ಮಾಸ ಆಗಷ್ಟೇ ಆರಂಭವಾಗಿತ್ತು. ನಸುಕಿನಿಂದ ಏರತೊಡಗಿದ ನೀರು ಹಗಲಾಗುತ್ತಿದ್ದಂತೆ ದಡಗಳನ್ನು ಮೀರಿ ಓಣಿಗಳಿಗೆ ನುಗ್ಗಿತು. ಪ್ರವಾಹದ ಪರಾಕಾಷ್ಠೆಯಲ್ಲಿ ಸೆಕೆಂಡಿಗೆ 4,25,000 ಘನ ಅಡಿ ನೀರು ಹರಿದಿರಬೇಕೆಂದು ಆಮೇಲೆ ಲೆಕ್ಕ ಹಾಕಲಾಯಿತು. ಅಫ್ಜಲ್‌ಗಂಜ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಭಗ್ನವಾದವು. ಮೂರು ಶತಮಾನ ದಾಟಿದ್ದ ಪುರಾನಾ ಪುಲ್ ಮಾತ್ರ ನಿಂತಿತು. ಸೇತುವೆಗಳು ಹೋದ ಮೇಲೆ ನಗರ ಎರಡು ತುಂಡಾಯಿತು. ಈ ದಡದವರು ಆ ದಡದವರ ಕೂಗನ್ನು ಕೇಳಬಹುದಾಗಿತ್ತೇ ಹೊರತು ಹೋಗುವಂತಿರಲಿಲ್ಲ. ಮಣ್ಣಿನ ಗೋಡೆಯ ಮನೆಗಳು ನೀರಿನ ರಭಸಕ್ಕಿಂತ ಮೊದಲು ನೀರಿನ ನೆನೆತಕ್ಕೇ ಕುಸಿದವು. ಅಫ್ಜಲ್‌ಗಂಜಿನ ಆಸ್ಪತ್ರೆಯೂ ಹಾಳಾಯಿತು.

ಆ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರವಿತ್ತು. ಅದರ ಕೊಂಬೆಗಳನ್ನು ಹಿಡಿದು ಸುಮಾರು 150 ಜನ ಬದುಕಿದರೆಂದು ನಗರದ ಜನ ಇಂದಿಗೂ ಹೇಳುತ್ತಾರೆ. ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಪ್ರತಿ ವರ್ಷ ಸೆಪ್ಟೆಂಬರ್ 28ರಂದು ಕೆಲವರು ಅಲ್ಲಿ ಸೇರಿ ಮಡಿದವರನ್ನು ಸ್ಮರಿಸುತ್ತಾರೆ.

ಆಗ ಆಳುತ್ತಿದ್ದವರು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್. ನಿರಾಶ್ರಿತರಿಗಾಗಿ ಅರಮನೆಗಳ ಬಾಗಿಲು ತೆರೆಯಲಾಯಿತು, ಅನ್ನಛತ್ರಗಳು ನಡೆದವು. ನಿಜಾಮರು ಬ್ರಾಹ್ಮಣರ ಸಲಹೆಯಂತೆ ನದಿಗೆ ಪೂಜೆ ಸಲ್ಲಿಸಿದರೆಂಬ ಪ್ರತೀತಿಯೂ ಉಂಟು. ಮುಸ್ಲಿಂ ಅರಸ ತುಂಬಿದ ನದಿಯ ಮುಂದೆ ಕೈಮುಗಿದ ಈ ಕಥೆಯನ್ನು ಚರಿತ್ರೆಯೆಂದು ಸಾಧಿಸುವುದಕ್ಕಿಂತ, ಜನ ಅದನ್ನು ಪ್ರೀತಿಯಿಂದ ಉಳಿಸಿಕೊಂಡರು ಎಂಬುದನ್ನೇ ಚರಿತ್ರೆಯಾಗಿ ಓದುವುದು ಉಚಿತ. ಪರಿಹಾರ ಕಾರ್ಯದಲ್ಲಿ ತೊಡಗಿದವರಲ್ಲಿ ಸರೋಜಿನಿ ನಾಯ್ಡು ಅವರೂ ಒಬ್ಬರು. ಆ ಸೇವೆಗಾಗಿ ಬ್ರಿಟಿಷ್ ಸರ್ಕಾರ ಕೊಟ್ಟ ಕೈಸರ್-ಇ-ಹಿಂದ್ ಪದಕವನ್ನು ಅವರು 1919ರ ಜಲಿಯನ್‌ವಾಲಾಬಾಗ್ ಹತ್ಯಾಕಾಂಡದ ತರುವಾಯ ಹಿಂದಿರುಗಿಸಿದರು.

ಕವಿಯ ಪ್ರಳಯ

ಈ ಮಹಾಪೂರಕ್ಕೆ ಸಿಲುಕಿದವರಲ್ಲಿ ಒಬ್ಬ ಕವಿಯಿದ್ದರು. ರುಬಾಯಿ ಎಂಬ ನಾಲ್ಕು ಸಾಲಿನ ಛಂದೋಬಂಧದಲ್ಲಿ ಉರ್ದು ಸಾಹಿತ್ಯಕ್ಕೆ ಹಿರಿಯ ಕೊಡುಗೆ ಕೊಟ್ಟ ಅಮ್ಜದ್ ಹೈದರಾಬಾದಿ ಅವರು ಆ ದಿನ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಅವರ ಕಣ್ಣೆದುರೇ ಮನೆಮಂದಿ ನೀರುಪಾಲಾದರು, ಅವರೊಬ್ಬರು ಉಳಿದರು. ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿ 1961ರಲ್ಲಿ ತೀರಿಕೊಂಡರು. ತುಗ್ಯಾನಿಯ ಕುರಿತು ಅವರು ರಚಿಸಿದ ಕವಿತೆಯ ಹೆಸರು ‘ಕಯಾಮತ್-ಎ-ಸುಗ್ರಾ’. ಕಯಾಮತ್ ಎಂದರೆ ಲೋಕಾಂತ್ಯದ ದಿನ. ಸುಗ್ರಾ ಎಂದರೆ ಕಿರಿದು. ಕನ್ನಡದಲ್ಲಿ ‘ಕಿರುಪ್ರಳಯ’ ಎನ್ನಬಹುದು.

ಈ ಶೀರ್ಷಿಕೆ ವಿಚಾರಾರ್ಹವಾದುದು. ಲೋಕಕ್ಕೆ ಅದು ಕಿರಿದು. ತಾಯಿ, ಹೆಂಡತಿ, ಮಗಳು ಒಂದೇ ದಿನ ಹೋದವನಿಗೆ ಅದಕ್ಕಿಂತ ಹಿರಿದಾದ ಪ್ರಳಯ ಯಾವುದು? ಧರ್ಮಶಾಸ್ತ್ರದ ಪಾರಿಭಾಷಿಕ ಪದವೊಂದು ಇಲ್ಲಿ ಒಬ್ಬ ಮನುಷ್ಯನ ಅಳಲಿನ ಅಳತೆಗೋಲಾಗಿದೆ. ಹದಿನೈದು ಸಾವಿರವೆಂಬ ಅಂಕಿಯೊಳಗೆ ಹುದುಗಿಹೋದ ಮನೆಮನೆಯ ಸಾವನ್ನು ನಮಗೆ ತಲುಪಿಸುವುದು ಇಂತಹ ಕಾವ್ಯವೇ. ತೀರಿಹೋದವರ ಹೆಸರುಗಳನ್ನು ಒಂದೊಂದಾಗಿ ಬರೆದಿಡುವ ಪದ್ಧತಿ ಇಲ್ಲದಿದ್ದ ಕಾಲದಲ್ಲಿ ಒಂದು ಕವಿತೆ ಆ ಹೊಣೆಯನ್ನು ಹೊತ್ತಿತು.

ಆದರೆ ಪ್ರಳಯವೆಂಬ ಪದಕ್ಕೆ ಇನ್ನೊಂದು ಮುಖವಿದೆ. ಪ್ರಳಯಕ್ಕೆ ಕಾರಣ ಕೇಳುವವರಿಲ್ಲ. ಅದಕ್ಕೆ ಉತ್ತರ ಕೊಡಬೇಕಾದವರೂ ಇಲ್ಲ. ಸಂತ್ರಸ್ತನ ಬಾಯಿಯಲ್ಲಿ ಆ ಪದ ಸತ್ಯವಾಗುತ್ತದೆ. ಆಡಳಿತ ಅದನ್ನು ಬಳಸಿದಾಗ ಅದು ನುಣುಚಿಕೊಳ್ಳುವ ದಾರಿಯಾಗುತ್ತದೆ. ‘ವರುಣನ ಆರ್ಭಟ’, ‘ಪ್ರಕೃತಿಯ ಮುನಿಸು’ ಎಂದು ಇಂದಿಗೂ ನಾವು ಬರೆಯುವ ತಲೆಬರಹಗಳಲ್ಲಿ ಈ ಎರಡನೆಯ ಬಗೆಯ ಬಳಕೆಯೇ ಹೆಚ್ಚು. ಆದ್ದರಿಂದ ಕವಿಯ ಶೋಕದ ಪಕ್ಕದಲ್ಲಿ ಇನ್ನೊಂದು ಬಗೆಯ ಬರವಣಿಗೆಯನ್ನು ಇರಿಸಿಕೊಂಡು ಓದಬೇಕಾಗುತ್ತದೆ.

ಎಂಜಿನಿಯರನ ಎಣಿಕೆ

ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಸೇವೆಯಿಂದ ಬಿಡುಗಡೆ ಹೊಂದುವ ನಿರ್ಧಾರ ಮಾಡಿ ವಿದೇಶ ಪ್ರವಾಸದಲ್ಲಿದ್ದರು. ಅವರು ಇಟಲಿಯಲ್ಲಿದ್ದಾಗ ನಿಜಾಮ ಸರ್ಕಾರದ ಆಹ್ವಾನ ತಲುಪಿತು. ಪ್ರವಾಸ ಮುಗಿಸಿ 1909ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಬಂದರು. ಅದೇ ವರ್ಷದ ಅಕ್ಟೋಬರ್ ವೇಳೆಗೆ ವರದಿ ಸಿದ್ಧವಾಯಿತು. ನವೆಂಬರಿನಲ್ಲಿ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಹೈದರಾಬಾದಿನ ಈ ಅಧ್ಯಾಯವನ್ನು ಅವರು ತಮ್ಮ ವೃತ್ತಿಜೀವನದ ನೆನಪುಗಳಲ್ಲಿಯೂ ನಿರೂಪಿಸಿದ್ದಾರೆ.

ಅವರ ಮುಂದಿದ್ದ ಪ್ರಶ್ನೆ ಸರಳವಾಗಿತ್ತು: ಇಷ್ಟು ನೀರು ಇಷ್ಟು ಬೇಗ ನಗರಕ್ಕೆ ಬಂದದ್ದು ಹೇಗೆ? ನಗರದ ಮೇಲ್ಭಾಗದಲ್ಲಿ ಮೂಸಿಗೆ ನೀರುಣಿಸುವ ಜಲಾನಯನದ ವಿಸ್ತೀರ್ಣ 862 ಚದರ ಮೈಲಿ. ಈ ಪ್ರದೇಶದಲ್ಲಿ 788 ಕೆರೆಗಳಿದ್ದವು. ಎಂದರೆ ಹೆಚ್ಚುಕಡಿಮೆ ಪ್ರತಿ ಚದರ ಮೈಲಿಗೆ ಒಂದು ಕೆರೆ. ಆ ಎರಡು ದಿನಗಳ ಮಳೆಯಲ್ಲಿ ಅವುಗಳ ಪೈಕಿ 221 ಕೆರೆಗಳು ಒಡೆದವು.

ದಖನ್‌ನ ಕೆರೆ ಒಂಟಿಯಾದ ರಚನೆಯಲ್ಲ. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಬರುತ್ತದೆ. ಅದು ತುಂಬಿ ಅದರ ಕೋಡಿ ಇನ್ನೂ ಕೆಳಗಿನದಕ್ಕೆ. ಹೀಗೆ ಇಳಿಜಾರಿನುದ್ದಕ್ಕೂ ಕೆರೆಗಳು ಸರಪಳಿಯಾಗಿ ಕೂಡಿಕೊಂಡಿರುತ್ತವೆ. ಏರಿ ಗಟ್ಟಿಯಾಗಿದ್ದು, ಕೋಡಿ ತೆರಪಾಗಿದ್ದು, ಅಂಗಳದಲ್ಲಿ ಹೂಳು ಕಡಿಮೆಯಿದ್ದರೆ ಪ್ರತಿಯೊಂದು ಕೆರೆಯೂ ನೀರಿನ ಓಟವನ್ನು ಸ್ವಲ್ಪ ಸ್ವಲ್ಪ ತಡೆಯುತ್ತದೆ. ಒಂದೇ ಗಂಟೆಯಲ್ಲಿ ಬರಬೇಕಾದ ನೀರು ಒಂದು ದಿನದ ಅವಧಿಗೆ ಹಂಚಿಕೆಯಾಗುತ್ತದೆ. ಆದರೆ ಮೇಲಿನ ಒಂದು ಏರಿ ಒಡೆದರೆ ಕಥೆ ತಿರುವುಮುರುವಾಗುತ್ತದೆ. ಆ ಕೆರೆ ಕೂಡಿಟ್ಟಿದ್ದ ನೀರೆಲ್ಲವೂ ಒಮ್ಮೆಲೆ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಮಳೆಯ ಹೊರೆಯಿಂದಲೇ ತುಂಬಿದ್ದ ಆ ಕೆರೆ ಇನ್ನೊಂದರ ಹೊರೆಯನ್ನು ತಾಳಲಾರದೆ ತಾನೂ ಒಡೆಯುತ್ತದೆ. ತಡೆಯಬೇಕಾದ ಸರಪಳಿಯೇ ತಳ್ಳುವ ಸರಪಳಿಯಾಗುತ್ತದೆ. 1908ರಲ್ಲಿ ಹೈದರಾಬಾದಿನ ಮೇಲೆ ಬಿದ್ದದ್ದು ಆ ದಿನದ ಮಳೆ ಮಾತ್ರವಲ್ಲ. ಇಡೀ ಮಳೆಗಾಲದಲ್ಲಿ ನೂರಾರು ಊರುಗಳು ಕೂಡಿಟ್ಟಿದ್ದ ನೀರೂ ಅದರೊಡನೆ ಬಂದು ಬಿತ್ತು.

ಈ ಎಣಿಕೆಯ ಮಹತ್ತ್ವವನ್ನು ಸಾಹಿತ್ಯ ವಿದ್ಯಾರ್ಥಿಗಳೂ ಗುರುತಿಸಬೇಕು. ‘ಪ್ರಳಯ’ ಎಂಬ ಒಂದು ಪದವಿದ್ದಲ್ಲಿ ಈಗ 788 ಮತ್ತು 221 ಎಂಬ ಎರಡು ಸಂಖ್ಯೆಗಳು ಬಂದಿವೆ. ಒಡೆದ ಪ್ರತಿ ಕೆರೆಗೂ ಒಂದು ಏರಿಯಿತ್ತು, ಒಂದು ಕೋಡಿಯಿತ್ತು, ಅದನ್ನು ನೋಡಿಕೊಳ್ಳಬೇಕಾದ ಒಂದು ಊರಿತ್ತು. ಕಾರಣಗಳನ್ನು ಹುಡುಕಲು ಈಗ ನೆಲ ಸಿಕ್ಕಿದೆ.

ಶಾಸನಗಳ ಸಾಕ್ಷ್ಯ

ಕೆರೆ ಕಟ್ಟುವುದಕ್ಕಿಂತ ಕಾಯುವುದು ಕಷ್ಟವೆಂಬ ಅರಿವು ಈ ಸೀಮೆಗೆ ಹೊಸದಲ್ಲ. ಕನ್ನಡ, ತೆಲುಗು ಶಾಸನಗಳನ್ನು ಬಲ್ಲವರಿಗೆ ಅದು ಪರಿಚಿತ ವಿಷಯ. ಕಟ್ಟುಗೊಡಗೆ, ಕೆರೆಗೊಡಗೆ, ಬಿತ್ತುವಟ್ಟ, ದಶವಂದ ಮುಂತಾದ ಪಾರಿಭಾಷಿಕ ಪದಗಳು ಕೆರೆಯ ನಿರ್ಮಾಣಕ್ಕೂ ಅದರ ಮುಂದಿನ ಪೋಷಣೆಗೂ ಮೀಸಲಿಟ್ಟ ಭೂಮಿ ಅಥವಾ ಆದಾಯವನ್ನು ಸೂಚಿಸುತ್ತವೆ. ಹೂಳು ಹೊರಲು, ಏರಿಗೆ ಮಣ್ಣು ಹಾಕಲು ನಿಯೋಜಿತವಾದ ಬಂಡಿಗಳ ವೆಚ್ಚಕ್ಕೂ ದತ್ತಿಗಳಿದ್ದವು. ಹಳ್ಳಿಯಲ್ಲಿ ತೂಬು ತೆರೆದು ಮುಚ್ಚುವ ನೀರುಗಂಟಿಗೆ ಮಾನ್ಯದ ಭೂಮಿಯಿತ್ತು. ಒಟ್ಟಿನಲ್ಲಿ, ಕೆರೆಯೊಂದಿಗೆ ಅದರ ಕಾವಲಿನ ವ್ಯವಸ್ಥೆಯೂ ಹುಟ್ಟುತ್ತಿತ್ತು.

ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನ ಈ ದೃಷ್ಟಿಯಿಂದ ಬಹು ಮುಖ್ಯ. ವಿಜಯನಗರದ ಮೊದಲನೆಯ ಬುಕ್ಕನ ಮಗ, ಉದಯಗಿರಿಯನ್ನು ಆಳುತ್ತಿದ್ದ ಭಾಸ್ಕರ ಭವದೂರನು 1369ರಲ್ಲಿ ಕಟ್ಟಿಸಿದ ಕೆರೆಯ ಕುರಿತ ಸಂಸ್ಕೃತ ಶಾಸನವಿದು. ಸಾವಿರ ಕೂಲಿಯಾಳುಗಳು, ನೂರು ಬಂಡಿಗಳು, ಎರಡು ವರ್ಷಗಳ ದುಡಿಮೆ ಎಂದು ಅದು ನಿರ್ಮಾಣದ ವಿವರ ಕೊಡುತ್ತದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಗಲಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಏರಿಯಿಂದ ನೀರು ಜಿನುಗುವುದು, ಸವಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು, ಅಂಗಳದ ನಡುವೆ ದಿಬ್ಬವಿರುವುದು, ನೆಲ ಬಹಳವಿದ್ದು ನೀರು ಅಲ್ಪವಾಗಿರುವುದು ಇವು ಐದು. ಆರನೆಯದು, ನೆಲ ಅಲ್ಪವಾಗಿದ್ದು ನೀರು ಅಧಿಕವಾಗುವುದು.

ಈ ಆರನೆಯ ದೋಷದ ಮುಂದೆ ಕೊಂಚ ನಿಲ್ಲೋಣ. ನೀರಿಗೆ ನಿಲ್ಲಲು ಸಾಕಷ್ಟು ನೆಲವಿಲ್ಲದಿದ್ದರೆ ಕೆರೆ ಅಪಾಯಕಾರಿ ಎಂದು ಹದಿನಾಲ್ಕನೆಯ ಶತಮಾನದ ಶಾಸನಕಾರನು ಕಲ್ಲಿನಲ್ಲಿ ಕೊರೆಸಿದ್ದಾನೆ. ಹೂಳು ತುಂಬಿದ ಅಂಗಳಕ್ಕೆ ಅದು ಅನ್ವಯಿಸುತ್ತದೆ. ಮನೆಗಳು ತುಂಬಿದ ಅಂಗಳಕ್ಕೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಪರಿಹಾರ ಮತ್ತು ಮರೆವು

ವಿಶ್ವೇಶ್ವರಯ್ಯನವರ ಸಲಹೆಯ ತಿರುಳು ಇಷ್ಟು: ನಗರದ ಮೇಲ್ಭಾಗದಲ್ಲಿ ಮೂಸಿ ಮತ್ತು ಈಸಿ ನದಿಗಳಿಗೆ ಒಂದೊಂದು ಜಲಾಶಯ ಕಟ್ಟಿ ಪ್ರವಾಹವನ್ನು ಅಲ್ಲಿಯೇ ತಡೆಯಬೇಕು, ನಗರದೊಳಗೆ ದಡಗಳನ್ನು ಎತ್ತರಿಸಿ ಬಲಪಡಿಸಿ ಉದ್ಯಾನಗಳನ್ನು ಬೆಳೆಸಬೇಕು, ಒಳಚರಂಡಿ ವ್ಯವಸ್ಥೆ ರೂಪಿಸಬೇಕು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಇದು ಕಾರ್ಯರೂಪಕ್ಕೆ ಬಂದಿತು. ಗಂಡಿಪೇಟೆಯ ಉಸ್ಮಾನ್ ಸಾಗರ 1920ರಲ್ಲಿಯೂ, ಈಸಿ ನದಿಯ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ಅಲಿ ನವಾಜ್ ಜಂಗ್ ಮೊದಲಾದ ಹೈದರಾಬಾದಿನ ಎಂಜಿನಿಯರರ ದುಡಿಮೆ ಇದರ ಹಿಂದಿದೆ. 1912ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮೂಸಿಯ ದಡದಲ್ಲಿ ಹೈಕೋರ್ಟ್, ಉಸ್ಮಾನಿಯಾ ಆಸ್ಪತ್ರೆ, ಗ್ರಂಥಾಲಯದ ಭವ್ಯ ಕಟ್ಟಡಗಳು ಎದ್ದವು. ಇಂದು ಪ್ರವಾಸಿಗರು ಮೆಚ್ಚಿ ನೋಡುವ ಹೈದರಾಬಾದಿನ ನದೀಮುಖ ಬಹುಮಟ್ಟಿಗೆ ತುಗ್ಯಾನಿಯ ಅವಶೇಷಗಳ ಮೇಲೆ ಕಟ್ಟಿದ್ದು.

ಈ ಜಲಾಶಯಗಳು ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು. ಇಲ್ಲಿ ಒಂದು ಸೂಕ್ಷ್ಮವಿದೆ. ಕುಡಿಯುವ ನೀರಿನ ಜಲಾಶಯ ತುಂಬಿದಷ್ಟೂ ಒಳ್ಳೆಯದು. ಪ್ರವಾಹ ತಡೆಯುವ ಜಲಾಶಯ ಮಳೆಗೆ ಮುನ್ನ ಖಾಲಿ ಇದ್ದಷ್ಟೂ ಒಳ್ಳೆಯದು. ಎರಡೂ ಕೆಲಸಗಳನ್ನು ಒಂದೇ ಜಲಾಶಯಕ್ಕೆ ವಹಿಸಿದರೆ, ಮಳೆ ತಡವಾದ ವರ್ಷಗಳಲ್ಲಿ ಮೊದಲನೆಯದು ಎರಡನೆಯದನ್ನು ನುಂಗುತ್ತದೆ. ಒಂದು ಲೆಕ್ಕ ನೋಡಬಹುದು. 862 ಚದರ ಮೈಲಿಯ ಮೇಲೆ ಬಿದ್ದ ಒಂದು ಅಂಗುಲ ಮಳೆ ಪೂರ್ತಿಯಾಗಿ ಹರಿದುಬಂದರೆ ಸುಮಾರು ಎರಡು ಟಿಎಂಸಿ, ಎಂದರೆ ಇನ್ನೂರು ಕೋಟಿ ಘನ ಅಡಿ ನೀರಾಗುತ್ತದೆ. ಉಸ್ಮಾನ್ ಸಾಗರದ ಸಂಗ್ರಹ ಸಾಮರ್ಥ್ಯ ಸುಮಾರು 3.9 ಟಿಎಂಸಿ, ಹಿಮಾಯತ್ ಸಾಗರದ್ದು ಸುಮಾರು 2.9 ಟಿಎಂಸಿ. 1908ರ ಪರಾಕಾಷ್ಠೆಯ ಹರಿವು ಹಾಗೆಯೇ ಮುಂದುವರಿದರೆ, ಪೂರ್ತಿ ಖಾಲಿಯಿರುವ ಎರಡೂ ಜಲಾಶಯಗಳು ನಾಲ್ಕೂವರೆ ಗಂಟೆಗಳೊಳಗೆ ತುಂಬಿಬಿಡುತ್ತವೆ. ಜಲಾಶಯಗಳು ನಿರರ್ಥಕವೆಂದು ಇದರ ಅರ್ಥವಲ್ಲ. ಪರಾಕಾಷ್ಠೆಯನ್ನು ತಗ್ಗಿಸಲು ಕೆಲವು ಗಂಟೆಗಳೂ ಅಮೂಲ್ಯ. ಆದರೆ ಅವು ಮೇಲಿನ ನೂರಾರು ಕೆರೆಗಳ ಕೆಲಸವನ್ನು ತಾವೇ ಮಾಡಲಾರವು ಎಂಬುದಂತೂ ಸ್ಪಷ್ಟ.

ನಗರ ಮಾತ್ರ ಬೇರೆಯದೇ ಪಾಠ ಕಲಿಯಿತು. ದೊಡ್ಡ ಜಲಾಶಯಗಳಿವೆ, ಇನ್ನು ಭಯವಿಲ್ಲ ಎಂಬ ನಿಶ್ಚಿಂತೆಯಲ್ಲಿ ಸಣ್ಣ ಕೆರೆಗಳು ಒಂದೊಂದಾಗಿ ಬಡಾವಣೆಗಳಾದವು. ಕೃಷ್ಣಾ, ಗೋದಾವರಿಗಳಿಂದ ಕುಡಿಯುವ ನೀರು ಬರತೊಡಗಿದ ಮೇಲೆ ಎರಡು ಸಾಗರಗಳ ಮಹತ್ತ್ವವೂ ಕುಗ್ಗಿದಂತೆ ಕಂಡಿತು. ಅವುಗಳ ಸುತ್ತಲಿನ ಹತ್ತು ಕಿಲೋಮೀಟರ್ ವ್ಯಾಪ್ತಿಯ 84 ಗ್ರಾಮಗಳಲ್ಲಿ ನಿರ್ಮಾಣಗಳನ್ನು ನಿರ್ಬಂಧಿಸಿ 1996ರಲ್ಲಿ ಹೊರಡಿಸಿದ್ದ 111ನೆಯ ಸರ್ಕಾರಿ ಆದೇಶವನ್ನು ತೆಲಂಗಾಣ ಸರ್ಕಾರ 2022ರಲ್ಲಿ ಹಿಂತೆಗೆದುಕೊಂಡಿತು. ನಗರ ಈಗ ಕುಡಿಯುವ ನೀರಿಗೆ ಈ ಜಲಾಶಯಗಳನ್ನು ಅವಲಂಬಿಸಿಲ್ಲ ಎಂಬುದು ಮುಖ್ಯ ಸಮರ್ಥನೆಯಾಗಿತ್ತು. ಅವು ಹುಟ್ಟಿದ್ದು ಕುಡಿಯುವ ನೀರಿಗಾಗಿ ಅಲ್ಲ, ಹದಿನೈದು ಸಾವಿರ ಸಾವುಗಳ ನಂತರ ಪ್ರವಾಹ ತಡೆಯುವುದಕ್ಕಾಗಿ, ಎಂಬ ಚರಿತ್ರೆ ಆ ಸಮರ್ಥನೆಯಲ್ಲಿ ಕಾಣೆಯಾಗಿತ್ತು.

ಶಂಷಾಬಾದಿನ ದಾರಿಯಲ್ಲಿ

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತವೊಂದು ಕಾಕಿನಾಡದ ಬಳಿ ಕರಾವಳಿ ದಾಟಿ ಪಶ್ಚಿಮಕ್ಕೆ ಸಾಗಿತು. ಹೈದರಾಬಾದಿನ ಹೊರವಲಯದ ಘಟ್‌ಕೇಸರ್ ಪರಿಸರದಲ್ಲಿ ಒಂದೇ ದಿನ 30 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ತೆಲಂಗಾಣದಲ್ಲಿ 50ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅದೇ ವ್ಯವಸ್ಥೆ ಮುಂದೆ ಸಾಗಿ ಮಹಾರಾಷ್ಟ್ರದಲ್ಲಿಯೂ ಮಳೆ ಸುರಿಸಿದಾಗ ಭೀಮಾ ನದಿ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಜಲಾವೃತವಾದುದನ್ನು ನಮ್ಮ ಓದುಗರು ಮರೆತಿರಲಾರರು.

ಅಂದು ರಾತ್ರಿ ಶಂಷಾಬಾದಿನ ದಾರಿಯಲ್ಲಿರುವ ಗಗನ್‌ಪಹಾಡದ ಅಪ್ಪಾ ಚೆರುವು ಎಂಬ ಕೆರೆ ಒಡೆಯಿತು. ನೀರು ಹೈದರಾಬಾದ್–ಬೆಂಗಳೂರು ಹೆದ್ದಾರಿಯನ್ನು ಕೊಚ್ಚಿತು, ಹಲವರು ಸತ್ತರು. ಕೆಲವೇ ದಿನಗಳಲ್ಲಿ ಹಳೆಯ ನಗರದ ದಕ್ಷಿಣಕ್ಕಿರುವ ಗುರ್ರಂ ಚೆರುವು ಒಡೆದು ಬಡಾವಣೆಗಳು ಎರಡನೆಯ ಬಾರಿ ಮುಳುಗಿದವು. ಶಂಷಾಬಾದ್ ಎಂಬ ಹೆಸರನ್ನು ನಾವು ಈಗಾಗಲೇ ಕೇಳಿದ್ದೇವೆ. 1908ರಲ್ಲಿ 12.8 ಅಂಗುಲ ಮಳೆ ದಾಖಲಾದದ್ದು ಅಲ್ಲಿಯೇ. 112 ವರ್ಷಗಳ ಅಂತರದಲ್ಲಿ ಅದೇ ಸೀಮೆಯಲ್ಲಿ, ಅದೇ ರೀತಿ, ಕೆರೆಯ ಏರಿ ಒಡೆದು ಜನ ಸತ್ತರು. ವ್ಯತ್ಯಾಸವಿಷ್ಟೇ: 1908ರಲ್ಲಿ ಕೆರೆಗಳು ನಗರದಿಂದ ದೂರದ ಹಳ್ಳಿಗಳಲ್ಲಿದ್ದವು, ಅವುಗಳ ನೀರು ನದಿಯ ಮೂಲಕ ನಗರಕ್ಕೆ ಬಂತು. 2020ರ ವೇಳೆಗೆ ನಗರವೇ ಕೆರೆಗಳ ಬಳಿಗೆ ಹೋಗಿತ್ತು. ನಡುವೆ ನದಿಯ ಅಗತ್ಯವೇ ಇರಲಿಲ್ಲ.

2025ರ ಸೆಪ್ಟೆಂಬರ್ ಕೊನೆಯ ವಾರ ಎರಡೂ ಜಲಾಶಯಗಳ ಗೇಟುಗಳನ್ನು ತೆರೆದಾಗ ಮೂಸಿಯ ಪಾತ್ರದಲ್ಲೇ ಇರುವ ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ನೀರು ನುಗ್ಗಿ ಪ್ರಯಾಣಿಕರು ಸಿಲುಕಿಕೊಂಡರು. ಆ ಸ್ಥಳದ ಹಳೆಯ ಹೆಸರು ಇಮ್ಲಿಬನ್, ಎಂದರೆ ಹುಣಸೆಯ ತೋಪು. ಸ್ಥಳನಾಮಗಳ ಅಧ್ಯಯನ ಮಾಡುವವರು ಇಂತಹ ಹೆಸರುಗಳನ್ನು ಸಂಗ್ರಹಿಸುವಾಗ, ಯಾವ ನೆಲ ಯಾವುದಕ್ಕೆ ಮೀಸಲಾಗಿತ್ತು ಎಂಬ ಮಾಹಿತಿಯನ್ನೂ ಸಂಗ್ರಹಿಸುತ್ತಿರುತ್ತಾರೆ. ಬೆಂಗಳೂರಿನಲ್ಲಿಯೂ ಕೆರೆ, ಕಟ್ಟೆ, ಕುಂಟೆ, ಹಳ್ಳಗಳೆಂದು ಕೊನೆಗೊಳ್ಳುವ ಬಡಾವಣೆಗಳ ಹೆಸರುಗಳಿಗೆ ಕೊರತೆಯಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಹದೇವಪುರದ ಸುತ್ತ ದೋಣಿಗಳು ಓಡಾಡಿದ್ದು ಬೆಳ್ಳಂದೂರು, ವರ್ತೂರು ಕೆರೆಗಳ ಸರಪಳಿಯ ದಾರಿಯಲ್ಲಿಯೇ.

ಉಪಸಂಹಾರ

ತುಗ್ಯಾನಿಯನ್ನು ಕುರಿತು ಎರಡು ಬಗೆಯ ಬರವಣಿಗೆಗಳು ನಮಗೆ ಉಳಿದಿವೆ. ಅಮ್ಜದ್ ಹೈದರಾಬಾದಿ ಅವರ ಕವಿತೆ ಸತ್ತವರನ್ನು ಅಂಕಿಯಾಗಲು ಬಿಡುವುದಿಲ್ಲ. ವಿಶ್ವೇಶ್ವರಯ್ಯನವರ ವರದಿ ಸಾವನ್ನು ವಿಧಿಯೆಂದು ಬಿಡುವುದಿಲ್ಲ. ಮೊದಲನೆಯದನ್ನು ಮಾತ್ರ ಓದಿದರೆ ಶೋಕದಲ್ಲಿ ನಿಲ್ಲುತ್ತೇವೆ. ಎರಡನೆಯದನ್ನು ಮಾತ್ರ ಓದಿದರೆ, ಅದರಲ್ಲಿಯೂ ಉತ್ತರಾರ್ಧವನ್ನಷ್ಟೇ ಓದಿದರೆ, ಅಣೆಕಟ್ಟಿನ ಹೆಮ್ಮೆಯಲ್ಲಿ ನಿಲ್ಲುತ್ತೇವೆ. ಎರಡನ್ನೂ ಜೊತೆಯಾಗಿ ಓದಿದಾಗಲೇ, ಒಡೆದ 221 ಏರಿಗಳಿಗೂ ಕವಿಯ ಮನೆಯ ಮೂರು ಸಾವುಗಳಿಗೂ ಇರುವ ಸಂಬಂಧ ಕಾಣುತ್ತದೆ.

ನಮ್ಮ ದಾನಶಾಸನಗಳ ಕೊನೆಯಲ್ಲಿ ಬರುವ ಶಾಪಾಶಯದ ಭಾಗವನ್ನು ಸಂಪಾದಕರು ಹಲವೊಮ್ಮೆ ರೂಢಿಯ ಮಾತೆಂದು ಬದಿಗಿಡುತ್ತಾರೆ. ಅಲ್ಲಿ ಪದೇ ಪದೇ ಬರುವ ಒಂದು ಆಶಯವಿದೆ: ಕೊಡುವುದು, ಕೊಟ್ಟದ್ದನ್ನು ಕಾಯುವುದು, ಇವೆರಡರಲ್ಲಿ ಕಾಯುವುದೇ ಮೇಲು. ಬಸದಿಗೆ ಬಿಟ್ಟ ಭೂಮಿಯಾಗಲಿ, ದೇಗುಲದ ದತ್ತಿಯಾಗಲಿ, ಊರಿನ ಕೆರೆಯಾಗಲಿ, ಎಲ್ಲಕ್ಕೂ ಈ ಮಾತು ಸಮಾನವಾಗಿ ಸಲ್ಲುತ್ತದೆ. ಕೆರೆ ಕಟ್ಟಿಸಿದವನ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ವರ್ಷವರ್ಷವೂ ಹೂಳೆತ್ತಿ, ಏರಿಗೆ ಮಣ್ಣು ಹಾಕಿ, ಕೋಡಿಯ ದಾರಿ ತೆರವುಗೊಳಿಸಿದವರ ಹೆಸರು ಎಲ್ಲಿಯೂ ಇಲ್ಲ. ಅವರು ಕೆಲಸ ನಿಲ್ಲಿಸಿದ ದಿನ ಮಾತ್ರ ಚರಿತ್ರೆಗೆ ಗೊತ್ತಾಗುತ್ತದೆ. 1908ರ ಸೆಪ್ಟೆಂಬರ್ 28 ಅಂತಹ ಒಂದು ದಿನ.